ಬೆಳ್ಳಿಯ ಮೇಲೆ ಕುಳಿತ ದೇವಿ: ಕಪ್ಪದ ನಾಣ್ಯದ ಹಿಮ್ಮುಖವನ್ನು ಕುರಿತು

ಸಾಮಾನ್ಯ ಕಾಲದ 29ನೆಯ ಭಾನುವಾರ, 'ಎ' ವರ್ಷದ ವಾಚನಗಳಲ್ಲಿ, ಕಪ್ಪದ ನಾಣ್ಯದ ಪ್ರಸಂಗ ಬರುತ್ತದೆ. ಆ ದಿನದ ಪ್ರಬೋಧನೆ ನಮ್ಮ ದೇವಾಲಯಗಳಲ್ಲಿ ಬಹುಮಟ್ಟಿಗೆ ಒಂದೇ ದಾರಿಯಲ್ಲಿ ಸಾಗುತ್ತದೆ. ನಾಣ್ಯದಲ್ಲಿ ಸೀಸರನ ಮುಖವಿತ್ತು, ಮನುಷ್ಯನಲ್ಲಿ ದೇವರ ಮುದ್ರೆಯಿದೆ. ಆದುದರಿಂದ ತೆರಿಗೆ ಸರ್ಕಾರಕ್ಕೆ, ಆತ್ಮ ದೇವರಿಗೆ. ಈ ಮಾತು ತಪ್ಪಲ್ಲ. ಇದಕ್ಕೆ ತೆರ್ತುಲಿಯನನಷ್ಟು ಹಳೆಯ ಆಧಾರವೇ ಇದೆ. ನಾವೂ ಹಲವು ವರ್ಷ ಹೀಗೆಯೇ ಬೋಧಿಸಿದ್ದೇವೆ. ಆದರೆ ನಾಣ್ಯಕ್ಕೆ ಎರಡು ಬದಿಗಳಿರುತ್ತವೆಂಬುದನ್ನು ನಮ್ಮ ಪ್ರಬೋಧನೆಗಳು ಮರೆತಿವೆ. ತರಗತಿಯಲ್ಲಿ ಆ ನಾಣ್ಯದ ಅಚ್ಚಿನ ಪ್ರತಿಯೊಂದನ್ನು ಕೈಯಿಂದ ಕೈಗೆ ದಾಟಿಸಿದಾಗ ಗುರುವಿದ್ಯಾರ್ಥಿಗಳು ಸೀಸರನ ಮೂಗು, ತಲೆಯ ಮೇಲಿನ ಲಾರೆಲ್ ಎಲೆಗಳ ಮಾಲೆ, ಸುತ್ತಲಿನ ಅಕ್ಷರಗಳನ್ನು ಗಮನವಿಟ್ಟು ನೋಡುತ್ತಾರೆ. ಹೇಳುವವರೆಗೆ ಅದನ್ನು ತಿರುಗಿಸುವವರು ವಿರಳ. ತಿರುಗಿಸಿದರೆ ಅಲ್ಲಿ ಒಬ್ಬ ಹೆಣ್ಣು ಕುಳಿತಿದ್ದಾಳೆ.

ಸಾಂಪ್ರದಾಯಿಕವಾಗಿ ಕಪ್ಪದ ನಾಣ್ಯವೆಂದು ಗುರುತಿಸಲಾಗುವುದು ತಿಬೇರಿಯ ಚಕ್ರವರ್ತಿಯ ಬೆಳ್ಳಿಯ ದೆನಾರಿಯುಸ್. ತೂಕ ನಾಲ್ಕು ಗ್ರಾಮಿಗೆ ತುಸು ಕಡಿಮೆ. ಅಗಲದಲ್ಲಿ ನಮ್ಮ ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದು. ಅದನ್ನು ಅಚ್ಚು ಹಾಕಿದ್ದು ಗಾಲ್ ಪ್ರಾಂತದ ಲುಗ್ದುನುಮ್ ಟಂಕಸಾಲೆಯಲ್ಲಿ, ಎಂದರೆ ಇಂದಿನ ಫ್ರಾನ್ಸಿನ ಲಿಯೋನ್ ನಗರದಲ್ಲಿ. ಮುಮ್ಮುಖದ ಬರಹ ತಿಬೇರಿಯನನ್ನು ದೈವತ್ವಕ್ಕೇರಿದ ಔಗುಸ್ತನ ಮಗನೆಂದು ಸಾರುತ್ತದೆ. ಹಿಮ್ಮುಖದಲ್ಲಿ ಪೀಠದ ಮೇಲೆ ಬಲಮುಖವಾಗಿ ಕುಳಿತ ಸ್ತ್ರೀ. ಒಂದು ಕೈಯಲ್ಲಿ ಉದ್ದನೆಯ ದಂಡ, ಇನ್ನೊಂದರಲ್ಲಿ ಒಂದು ಕೊಂಬೆ. ಅವಳ ಹೆಸರು ಅಲ್ಲಿಲ್ಲ. ಸುತ್ತಲೂ ಇರುವುದು 'ಪೊಂತಿಫೆಕ್ಸ್ ಮಾಕ್ಸಿಮುಸ್' ಎಂಬುದರ ಸಂಕ್ಷೇಪ, ಎಂದರೆ ಮಹಾಪುರೋಹಿತನೆಂಬ ಚಕ್ರವರ್ತಿಯ ಪದವಿ. ಕೊಂಬೆಯನ್ನು ಆಲಿವ್ ಎಂದು ಓದಿ ಅವಳನ್ನು ಶಾಂತಿದೇವಿ ಪಾಕ್ಸ್ ಎಂದು ಕರೆಯುವುದು ರೂಢಿ. ಚಕ್ರವರ್ತಿಯ ತಾಯಿ ಲಿವಿಯಾ ಆ ದೇವಿಯ ರೂಪದಲ್ಲಿ ಕುಳಿತಿದ್ದಾಳೆಂದು ಹೇಳುವವರೂ ಇದ್ದಾರೆ. ಔಗುಸ್ತನ ಕೊನೆಯ ವರ್ಷಗಳಲ್ಲಿ ಆರಂಭವಾದ ಈ ವಿನ್ಯಾಸವನ್ನು ತಿಬೇರಿಯ ತನ್ನ ಇಪ್ಪತ್ತಮೂರು ವರ್ಷಗಳ ಆಳಿಕೆಯುದ್ದಕ್ಕೂ ಹೆಚ್ಚುಕಡಮೆ ಬದಲಿಸದೆ ಅಚ್ಚು ಹಾಕಿಸಿದನು.

ಕಲೆಯ ದೃಷ್ಟಿಯಿಂದ ಇದು ದೊಡ್ಡ ಕೃತಿಯಲ್ಲ. ಗಣರಾಜ್ಯದ ಕಾಲದ ಕೆಲವು ದೆನಾರಿಯುಸ್‌ಗಳಲ್ಲಿ, ಉದಾಹರಣೆಗೆ ಕ್ರಿ.ಪೂ. 46ರಲ್ಲಿ ಕಾರಿಸಿಯುಸ್ ಎಂಬ ಟಂಕಾಧಿಕಾರಿ ಹೊರಡಿಸಿದ ಮೊನೇತಾ ದೇವಿಯ ನಾಣ್ಯದಲ್ಲಿ, ಜಾಣ್ಮೆಯಿದೆ: ಒಂದು ಬದಿಗೆ ದೇವಿಯ ತಲೆ, ಇನ್ನೊಂದು ಬದಿಗೆ ನಾಣ್ಯ ಬಡಿಯುವ ಅಡಿಗಲ್ಲು, ಇಕ್ಕಳ, ಸುತ್ತಿಗೆ. ಕಸುಬುದಾರನು ತನ್ನ ಕಸುಬನ್ನೇ ತೋರಿಸಿ ನಕ್ಕಂತಿದೆ. ಯೂನೋ ಮೊನೇತಾಳ ಗುಡಿಯ ಬಳಿಯಲ್ಲೇ ರೋಮಿನ ಟಂಕಸಾಲೆಯಿತ್ತು; ಇಂಗ್ಲಿಷಿನ 'ಮನಿ' ಎಂಬ ಪದ ಆಕೆಯ ಹೆಸರಿನಿಂದಲೇ ಬಂದಿತು. ತಿಬೇರಿಯನ ದೇವಿಯಲ್ಲಿ ಅಂಥ ಜೀವಂತಿಕೆ ಏನೂ ಇಲ್ಲ. ಅವಳ ಬಲವಿರುವುದು ಪುನರಾವರ್ತನೆಯಲ್ಲಿ. ಲಕ್ಷಾಂತರ ಕೈಗಳು ದಿನವೂ ಮುಟ್ಟುವ, ಯಾವ ಕಣ್ಣೂ ನಿಂತು ನೋಡದ ಚಿತ್ರವೇ ಸಾಮ್ರಾಜ್ಯಕ್ಕೆ ಬೇಕಾಗಿದ್ದ ಚಿತ್ರ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಶುಭಸಂದೇಶಕರ್ತರು ಹೇಳುವುದು ದೆನಾರಿಯುಸ್ ಎಂದು ಮಾತ್ರ. ಅದು ಯಾವ ಅಚ್ಚಿನದೆಂದು ಹೇಳುವುದಿಲ್ಲ. ಕ್ರಿ.ಶ. 70ಕ್ಕೆ ಮುಂಚಿನ ಯೂದೇಯದಲ್ಲಿ ರೋಮನ್ ದೆನಾರಿಯುಸ್‌ಗಳ ಬಳಕೆ ವಿರಳವಾಗಿತ್ತೆಂದು ವಾದಿಸುವ ನಾಣ್ಯತಜ್ಞರಿದ್ದಾರೆ. ಅಲ್ಲಿ ಚಲಾವಣೆಯಲ್ಲಿದ್ದ ಮುಖ್ಯ ಬೆಳ್ಳಿ ತೂರ್ ಪಟ್ಟಣದ ಶೆಕೆಲ್. ಅದರ ಮೇಲಿದ್ದುದು ಮೆಲ್ಕಾರ್ತ್ ದೇವನ ತಲೆ. ಜೆರುಸಲೇಮಿನ ಮಹಾದೇವಾಲಯದ ತೆರಿಗೆಯನ್ನು ಸಲ್ಲಿಸುತ್ತಿದ್ದುದೂ ಇದೇ ನಾಣ್ಯದಿಂದ, ಅದರ ಬೆಳ್ಳಿ ಶುದ್ಧವಾಗಿತ್ತೆಂಬ ಕಾರಣಕ್ಕೆ. ವಿಗ್ರಹವನ್ನು ಸಹಿಸದ ದೇವಾಲಯವು ಅನ್ಯದೇವನ ಮುಖವಿದ್ದ ಬೆಳ್ಳಿಯನ್ನು ಸಹಿಸಿಕೊಂಡಿತ್ತು. ಈ ಸಂಗತಿಯನ್ನು ತಿಳಿದವರು, ಫರಿಸಾಯರು ಚಿತ್ರವುಳ್ಳ ನಾಣ್ಯವನ್ನು ಜೇಬಿನಲ್ಲಿಟ್ಟುಕೊಂಡು ಸಿಕ್ಕಿಬಿದ್ದರೆಂಬ ಸುಲಭದ ಗೇಲಿಯನ್ನು ಪ್ರಬೋಧನೆಯಿಂದ ತೆಗೆದುಹಾಕುವುದು ಲೇಸು. ಹಿಮ್ಮುಖದ ದೇವಿಯನ್ನು ಯೇಸುಸ್ವಾಮಿ ಉದ್ದೇಶಿಸಿದರೆಂದೂ ನಾವು ವಾದಿಸುವುದಿಲ್ಲ. ಅದು ವ್ಯಾಖ್ಯಾನವಲ್ಲ, ಪಾಠದೊಳಗೆ ನಮ್ಮ ಮಾತನ್ನು ತುರುಕುವುದು. ನಮ್ಮ ವಾದ ಇಷ್ಟೇ: ಅವರು ಕೇಳಿದ ಪ್ರಶ್ನೆಯ ವ್ಯಾಕರಣವು ಹಿಮ್ಮುಖಕ್ಕೂ ಅನ್ವಯಿಸುತ್ತದೆ.

ಆ ಪ್ರಶ್ನೆ ಷಷ್ಠೀ ವಿಭಕ್ತಿಯದು. 'ಇದು ಏನು?' ಎಂದಾಗಲಿ 'ಇದು ಯಾರು?' ಎಂದಾಗಲಿ ಅವರು ಕೇಳಲಿಲ್ಲ. ಈ ರೂಪವೂ ಬರಹವೂ 'ಯಾರದು?' ಎಂದು ಕೇಳಿದರು. ಗ್ರೀಕ್ ಮೂಲದಲ್ಲಿ ಉತ್ತರವೂ ಷಷ್ಠಿಯಲ್ಲೇ ಬರುತ್ತದೆ, ಒಂದೇ ಪದದಲ್ಲಿ: 'ಕೈಸರೋಸ್', ಸೀಸರನದು. ಅನಂತರದ ಆಜ್ಞೆಯಲ್ಲಿ ಕ್ರಿಯಾಪದವೂ ಬದಲಾಗುತ್ತದೆ. ಪ್ರಶ್ನಿಸಿದವರು 'ಕೊಡಬಹುದೇ' ಎಂದು ಕೇಳಿದ್ದರು. ಯೇಸು ಹೇಳಿದ್ದು ಹಿಂದಿರುಗಿಸುವ ಮಾತನ್ನು. ಯಾರದೋ ಅದನ್ನು ಅವರಿಗೆ ಮರಳಿಸುವ ಮಾತು ಅದು. ಈಗ ರೋಮನ್ ಬೆಳ್ಳಿಯ ಹಿಮ್ಮುಖಗಳನ್ನು ಸಾಲಾಗಿ ಇಟ್ಟು ನೋಡಿದರೆ ಅಲ್ಲಿಯೂ ಷಷ್ಠಿಯೇ ಕಾಣುತ್ತದೆ. ಮೊದಲ ಶತಮಾನದ ಉತ್ತರಾರ್ಧದಿಂದ ಮುಂದಕ್ಕೆ ದೇವಿಯರ ಹೆಸರಿನ ಜೊತೆಗೆ ಬರುವ ಚಿಕ್ಕ ಸಂಕ್ಷೇಪವೊಂದಿದೆ: 'ಆವ್ಗ್', ಎಂದರೆ ಔಗುಸ್ತನ. ಪಾಕ್ಸ್ ಔಗುಸ್ತನ ಶಾಂತಿ. ಸಾಲುಸ್ ಔಗುಸ್ತನ ಕ್ಷೇಮ. ಫಿದೆಸ್, ಸ್ಪೆಸ್, ಕೊಂಕೊರ್ದಿಯಾ, ಪಿಯೆತಾಸ್: ನಿಷ್ಠೆ, ಭರವಸೆ, ಸಾಮರಸ್ಯ, ಭಕ್ತಿ ಎಲ್ಲವೂ ಅವನವೇ.

ಈ ಗುಣಗಳು ಹೆಣ್ಣಾದದ್ದಕ್ಕೆ ಒಂದು ಕಾರಣ ಸರಳವಾಗಿದೆ. ಲತೀನಿನಲ್ಲಿ ಇಂಥ ಭಾವನಾಮಗಳು ಸ್ತ್ರೀಲಿಂಗದವು. ನಮ್ಮಲ್ಲಿಯೂ ಶಾಂತಿ, ಕರುಣಾ, ಸಹನಾ ಎಂದು ಹೆಸರಿಡುವುದು ಹೆಣ್ಣುಮಕ್ಕಳಿಗೇ. ಆದರೆ ವ್ಯಾಕರಣ ಕೊಟ್ಟ ಲಿಂಗವನ್ನು ಟಂಕಸಾಲೆ ಬಳಸಿಕೊಂಡ ಬಗೆ ಬೇರೆ. ದೇವಿಗೆ ಕತೆಯಿಲ್ಲ, ಊರಿಲ್ಲ, ಜಾತ್ರೆಯಿಲ್ಲ, ಹರಕೆ ಹೊತ್ತವರಿಲ್ಲ. ಕೈಯಲ್ಲೊಂದು ಗುರುತು ಮಾತ್ರ. ಆ ಗುರುತನ್ನು ಬದಲಿಸಿದರೆ ಹೆಸರು ಬದಲಾಗುತ್ತದೆ. ಕೊಂಬೆ ಹಿಡಿದರೆ ಪಾಕ್ಸ್, ತಕ್ಕಡಿ ಹಿಡಿದರೆ ಏಕ್ವಿತಾಸ್, ಹೂ ಹಿಡಿದು ಸೆರಗನ್ನು ಮೇಲೆತ್ತಿದರೆ ಸ್ಪೆಸ್. ಒಂದೇ ಮೈಗೆ ಹಲವು ಹೊಣೆ.

ತಕ್ಕಡಿ ಹಿಡಿದ ಏಕ್ವಿತಾಸ್‌ಳ ವಿಷಯವನ್ನು ಹೇಳದೆ ಮುಂದೆ ಹೋಗಲಾಗದು. ಅವಳು ನ್ಯಾಯವಾದ ತೂಕಕ್ಕೆ, ವಿಶೇಷವಾಗಿ ನಾಣ್ಯದ ನ್ಯಾಯವಾದ ತೂಕಕ್ಕೆ, ಸಾಕ್ಷಿ. ನೀರೋ 64ರಲ್ಲಿ ದೆನಾರಿಯುಸ್‌ನ ತೂಕವನ್ನು ಇಳಿಸಿದನು. ಮೊದಲು ಒಂದು ರೋಮನ್ ಪೌಂಡು ಬೆಳ್ಳಿಗೆ 84 ನಾಣ್ಯಗಳಾಗುತ್ತಿದ್ದವು, ಅವನ ಕಾಲದಲ್ಲಿ 96 ಆದವು. ಸೆಪ್ತಿಮಿಯುಸ್ ಸೆವೆರುಸನ ಹೊತ್ತಿಗೆ ನಾಣ್ಯದಲ್ಲಿ ಬೆಳ್ಳಿಯ ಪಾಲು ಹೆಚ್ಚುಕಡಮೆ ಅರ್ಧಕ್ಕೆ ಬಂದಿತ್ತು. 268ರಲ್ಲಿ ಪಟ್ಟವೇರಿದ ಎರಡನೆಯ ಕ್ಲೌದಿಯುಸನ ನಾಣ್ಯಗಳಲ್ಲಿ ನೂರಕ್ಕೆ ಐದು ಭಾಗ ಬೆಳ್ಳಿಯೂ ಇರಲಿಲ್ಲ. ತಾಮ್ರದ ಮೇಲೆ ಬೆಳ್ಳಿಯ ಲೇಪ. ಅವುಗಳ ಮೇಲೂ ಏಕ್ವಿತಾಸ್ ತಕ್ಕಡಿ ಹಿಡಿದು ನಿಂತಿದ್ದಾಳೆ, ಔಗುಸ್ತನ ನ್ಯಾಯವೆಂಬ ಬರಹದೊಡನೆ. ಸುಳ್ಳು ತೂಕದ ಮೇಲೆ ಸರಿತೂಕದ ದೇವಿ! ಪ್ರಕಟನಾ ಗ್ರಂಥದ ಆರನೆಯ ಅಧ್ಯಾಯದಲ್ಲಿ ಕಪ್ಪು ಕುದುರೆಯ ಸವಾರನು ತಕ್ಕಡಿ ಹಿಡಿದು ಬರುತ್ತಾನೆ. ಒಂದು ದೆನಾರಿಯುಸ್‌ಗೆ ಒಬ್ಬನ ಒಂದು ದಿನದ ಗೋಧಿ ಮಾತ್ರ ಸಿಗುವುದೆಂದು ಧ್ವನಿ ಕೇಳಿಸುತ್ತದೆ. ದ್ರಾಕ್ಷಿತೋಟದ ಸಾಮತಿಯಲ್ಲಿ ಕೂಲಿಯಾಳಿನ ದಿನಗೂಲಿಯೂ ಒಂದು ದೆನಾರಿಯುಸ್ ತಾನೆ? ಹಾಗಾದರೆ ಮನೆಯಲ್ಲಿರುವ ಹೆಂಡತಿ ಮಕ್ಕಳ ಪಾಡೇನು? ಯೊವಾನ್ನನಿಗೆ ತಕ್ಕಡಿಯ ಚಿತ್ರ ಸಾಮ್ರಾಜ್ಯದ ನಾಣ್ಯದಿಂದಲೇ ಬಂದಿತೆಂದು ನಾವು ಹೇಳುವುದಿಲ್ಲ. ಆ ನಾಣ್ಯವನ್ನು ದಿನವೂ ಎಣಿಸುತ್ತಿದ್ದವರು ಆ ವಾಚನವನ್ನು ಹೇಗೆ ಕೇಳಿಸಿಕೊಂಡಿರಬೇಕೆಂಬುದು ನಮ್ಮ ಕುತೂಹಲ.

ಈ ದೇವಿಯರಲ್ಲಿ ನಮ್ಮನ್ನು ಹೆಚ್ಚು ಕಾಡುವವಳು ಫೆಲಿಸಿತಾಸ್, ಸೌಭಾಗ್ಯದೇವಿ.

ಸೆಪ್ತಿಮಿಯುಸ್ ಸೆವೆರುಸನ ಪತ್ನಿ ಯೂಲಿಯಾ ದೊಮ್ನಾಳ ಹೆಸರಿನಲ್ಲಿ, ಮೂರನೆಯ ಶತಮಾನದ ಮೊದಲ ವರ್ಷಗಳಲ್ಲಿ, ಒಂದು ದೆನಾರಿಯುಸ್ ಹೊರಟಿತು. ಹಿಮ್ಮುಖದ ಬರಹ 'ಸೇಕುಲಿ ಫೆಲಿಸಿತಾಸ್', ಯುಗದ ಸೌಭಾಗ್ಯ. ಚಿತ್ರ ಐಗುಪ್ತದ ದೇವಿ ಇಸಿಸ್‌ಳದು: ಒಂದು ಕಾಲನ್ನು ಹಡಗಿನ ಮೂತಿಯ ಮೇಲಿಟ್ಟು, ಮಗು ಹೋರಸನನ್ನು ಎದೆಗೆ ಒತ್ತಿಕೊಂಡು ಹಾಲೂಡುತ್ತಿದ್ದಾಳೆ. ಚಕ್ರವರ್ತಿನಿ ಇಬ್ಬರು ಗಂಡುಮಕ್ಕಳ ತಾಯಿ. ಹಡಗು ಧಾನ್ಯ ತರುವ ಹಡಗು. ತಾಯಿ, ಮಗು, ಊಟ, ವಂಶ ಎಲ್ಲವೂ ಅಂಗೈಯಗಲದಲ್ಲಿ ಕೂಡಿಬಂದಿವೆ. ನಾಣ್ಯವಾಗಿ ಇದು ತಿಬೇರಿಯನ ಜಡ ದೇವಿಗಿಂತ ಎಷ್ಟೋ ಮೇಲು. ನೋಡಿದರೆ ಮನಸ್ಸಿಗೆ ಹಿತವಾಗುತ್ತದೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಅದೇ ಕಾಲದಲ್ಲಿ, 203ರ ಮಾರ್ಚ್ 7ರಂದು ಎಂಬುದು ಸಂಪ್ರದಾಯ, ಕಾರ್ಥೇಜಿನ ರಂಗಸ್ಥಳದಲ್ಲಿ ಕೆಲವು ಕ್ರೈಸ್ತರನ್ನು ಮೃಗಗಳಿಗೆ ಒಡ್ಡಲಾಯಿತು. ಆ ಆಟಗಳು ನಡೆದದ್ದು ಯೂಲಿಯಾ ದೊಮ್ನಾಳ ಕಿರಿಯ ಮಗ ಗೇತನ ಹುಟ್ಟುಹಬ್ಬದ ಸಲುವಾಗಿ. ಸತ್ತವರಲ್ಲಿ ಇಬ್ಬರು ಹೆಂಗಸರು: ಹಾಲುಣ್ಣುವ ಮಗುವಿನ ತಾಯಿ ಪೆರ್ಪೆತುವಾ, ಮತ್ತು ಒಬ್ಬ ದಾಸಿ. ಆ ದಾಸಿಯ ಹೆಸರು ಫೆಲಿಸಿತಾಸ್. ಬಂಧನವಾದಾಗ ಅವಳಿಗೆ ಎಂಟು ತಿಂಗಳು. ಬಸುರಿಯನ್ನು ಕೊಲ್ಲಲು ಕಾನೂನು ಒಪ್ಪುತ್ತಿರಲಿಲ್ಲವಾದ್ದರಿಂದ, ತನ್ನವರನ್ನು ಬಿಟ್ಟು ತಾನೊಬ್ಬಳೇ ಮುಂದೆ ಪಾತಕಿಗಳ ನಡುವೆ ಸಾಯಬೇಕಾದೀತೆಂದು ಅವಳು ದುಃಖಿಸಿದಳು. ಆಟಗಳಿಗೆ ಕೆಲವೇ ದಿನ ಮೊದಲು ಸೆರೆಮನೆಯಲ್ಲಿ ಹೆಣ್ಣುಮಗುವನ್ನು ಹೆತ್ತಳು. ಮಗುವನ್ನು ಒಬ್ಬ ಸಹೋದರಿ ತನ್ನ ಮಗಳಂತೆ ಸಾಕಿಕೊಂಡಳು. ರಂಗಸ್ಥಳಕ್ಕೆ ಅವಳನ್ನು ತಂದಾಗ ಎದೆಯಿಂದ ಹಾಲು ತೊಟ್ಟಿಕ್ಕುತ್ತಿದ್ದುದನ್ನು ಕಂಡು ಜನರೇ ಬೆಚ್ಚಿದರೆಂದು ಆ ರಕ್ತಸಾಕ್ಷಿಗಳ ವೃತ್ತಾಂತ ದಾಖಲಿಸುತ್ತದೆ.

ಎರಡನ್ನೂ ಅಕ್ಕಪಕ್ಕದಲ್ಲಿ ಇಡುವುದಲ್ಲದೆ ವಿಮರ್ಶಕನು ಇಲ್ಲಿ ಮಾಡಬೇಕಾದದ್ದು ಹೆಚ್ಚೇನೂ ಇಲ್ಲ. ಒಂದೇ ಹೆಸರು, ಒಂದೇ ಆಳಿಕೆ, ಒಂದೇ ಮನೆತನದ ಸಂಭ್ರಮ. ಎರಡು ಕಡೆಯೂ ಹಾಲೂಡುವ ಎದೆ. ಬೆಳ್ಳಿಯ ಫೆಲಿಸಿತಾಸ್ ಯುಗದವಳು, ಎಂದರೆ ಚಕ್ರವರ್ತಿಯವಳು. ದಾಸಿ ಫೆಲಿಸಿತಾಸ್ ಕೂಡ ಕಾನೂನಿನ ಪ್ರಕಾರ ಇನ್ನೊಬ್ಬರವಳು. ಅವಳ ಮಗುವೂ ಹುಟ್ಟುತ್ತಲೇ ಇನ್ನೊಬ್ಬರದು. ಬಹುಶಃ ಯಾರೋ ಒಡೆಯನು ಶುಭವಾಗಲೆಂದು ಅವಳಿಗೆ ಆ ಹೆಸರಿಟ್ಟಿರಬೇಕು. ದಾಸದಾಸಿಯರಿಗೆ ಇಂಥ ಹೆಸರುಗಳು ಸಾಮಾನ್ಯವಾಗಿದ್ದವು. 'ಯಾರದು?' ಎಂಬ ಪ್ರಶ್ನೆಗೆ ಅವಳು ಕೊಟ್ಟ ಉತ್ತರ ಟಂಕಸಾಲೆಯ ಉತ್ತರವಾಗಿರಲಿಲ್ಲ. ಹೆರಿಗೆಯ ನೋವಿನಲ್ಲಿದ್ದಾಗ ಸೆರೆಕಾವಲಿನವನು ಅವಳನ್ನು ಅಣಕಿಸಿದನು; ಈಗ ಅನುಭವಿಸುವುದು ನಾನು, ಅಲ್ಲಿ ನನ್ನೊಳಗೆ ನನಗಾಗಿ ಅನುಭವಿಸುವವನು ಬೇರೊಬ್ಬನು ಎಂಬರ್ಥದ ಮಾತನ್ನು ಅವಳು ಹೇಳಿದಳು. ಪೂಜಾವಿಧಿಯ ಮೊದಲನೆಯ ಕೃತಜ್ಞತಾ ಪ್ರಾರ್ಥನೆಯಲ್ಲಿ ನಾವು ಇಂದಿಗೂ ಅವಳ ಹೆಸರನ್ನು ಉಚ್ಚರಿಸುತ್ತೇವೆ. ಹೆಸರುಗಳ ಪಟ್ಟಿ ಉದ್ದವೆಂದು ಆವರಣದಲ್ಲಿರುವುದನ್ನು ಬಿಟ್ಟು ಓದುವುದೂ ಉಂಟು. ಬಿಡದಿದ್ದರೆ ಒಳ್ಳೆಯದು.

ಸಂತ ಅಗಸ್ಟೀನರು 'ದೇವನಗರ'ದ ನಾಲ್ಕನೆಯ ಸಂಪುಟದಲ್ಲಿ ಇದೇ ದೇವಿಯನ್ನು ವಿಚಾರಣೆಗೆ ಒಳಪಡಿಸುತ್ತಾರೆ. ಸೌಭಾಗ್ಯವೇ ದೇವಿಯಾದರೆ ಉಳಿದ ದೇವತೆಗಳ ಸಮೂಹವೇಕೆ, ಅವಳೊಬ್ಬಳೇ ಸಾಲದೇ ಎಂಬುದು ಅವರ ವಾದ. ತಾಮ್ರದ ನಾಣ್ಯಕ್ಕೆ ಎಸ್ಕುಲಾನುಸ್ ಎಂಬ ದೇವನೂ, ಬೆಳ್ಳಿಗೆ ಅವನ ಮಗ ಅರ್ಜೆಂತೀನುಸನೂ ಇದ್ದರೆ, ಅನಂತರ ಬಂದ ಚಿನ್ನಕ್ಕೆ ಮೊಮ್ಮಗನೊಬ್ಬನು ಯಾಕೆ ಹುಟ್ಟಲಿಲ್ಲವೆಂದು ಅವರು ಹಾಸ್ಯ ಮಾಡುತ್ತಾರೆ. ನಿಷ್ಠೆ, ಸದ್ಗುಣ, ಸೌಭಾಗ್ಯ ಇವು ದೇವತೆಗಳಲ್ಲ, ದೇವರ ವರಗಳು ಎಂಬ ಅವರ ತೀರ್ಮಾನ ದೈವಶಾಸ್ತ್ರಕ್ಕೆ ಗಟ್ಟಿಯಾದ ನೆಲ. ಆದರೂ ಅವರ ಹಾಸ್ಯ ಬೀಳಬೇಕಾದ ಕಡೆಗಿಂತ ತುಸು ಪಕ್ಕಕ್ಕೆ ಬಿದ್ದಿದೆ ಎಂದು ನಮಗೆ ತೋರುತ್ತದೆ. ಅವರು ದೇವತೆಗಳ ಸಂಖ್ಯೆಯನ್ನು ಎಣಿಸಿ ನಕ್ಕರು. ಹೆಸರಿಗೆ ಅಂಟಿದ ಷಷ್ಠಿಯನ್ನು ಅಷ್ಟಾಗಿ ಪ್ರಶ್ನಿಸಲಿಲ್ಲ. ಶಾಂತಿಯನ್ನು ದೇವಿಯೆಂದು ಪೂಜಿಸಿದ್ದಕ್ಕಿಂತ, ಶಾಂತಿಯನ್ನು ಒಬ್ಬ ಮನುಷ್ಯನ ಸ್ವತ್ತೆಂದು ಬರೆದದ್ದು ಹೆಚ್ಚು ಅಪಾಯಕಾರಿಯಾಗಿತ್ತು. ಶಾಂತಿ, ಭದ್ರತೆ ಎಂದು ಜನ ಹೇಳುತ್ತಿರುವಾಗಲೇ ನಾಶವು ಬಂದೆರಗುವುದೆಂದು ಥೆಸಲೋನಿಕದವರಿಗೆ ಬರೆದ ಸಂತ ಪೌಲರಿಗೂ, ಕ್ರಿಸ್ತನೇ ನಮ್ಮ ಶಾಂತಿಯೆಂದು ಸಾರುವ ಎಫೆಸದ ಪತ್ರಕ್ಕೂ ಈ ಷಷ್ಠಿಯ ಅರಿವಿತ್ತು. ಆ ಶಾಂತಿ ಲಭಿಸಿದ್ದು ಶಿಲುಬೆಯಿಂದ. ಶಿಲುಬೆಯಾದರೋ ಔಗುಸ್ತನ ಶಾಂತಿಯನ್ನು ಕಾಪಾಡಲು ಅವನ ಅಧಿಕಾರಿಗಳು ಬಳಸುತ್ತಿದ್ದ ಮರ.

ಈ ಭೇದವನ್ನು ಒತ್ತಿ ಹೇಳಲು ನಮಗೆ ಇನ್ನೊಂದು ಕಾರಣವಿದೆ. ನಾಣ್ಯದ ದೇವಿಯರ ಪಾಠವಾದಾಗಲೆಲ್ಲ ಕೆಲವು ವಿದ್ಯಾರ್ಥಿಗಳು ಅದನ್ನು ನೆರೆಹೊರೆಯವರ ದೇವಿಪೂಜೆಯ ಮೇಲೆ ಎತ್ತುವ ದೊಣ್ಣೆಯಾಗಿ ಮಾಡಿಕೊಳ್ಳಲು ಬಯಸುತ್ತಾರೆ. ಇದು ಕೆಟ್ಟ ವಿಮರ್ಶೆ. ಒಳ್ಳೆಯ ದೈವಶಾಸ್ತ್ರವಂತೂ ಅಲ್ಲ. ಊರಿನ ಅಮ್ಮನಿಗೆ ಕತೆಯಿದೆ, ಹಬ್ಬವಿದೆ, ಅವಳ ಮುಂದೆ ಅಳುವ ತಾಯಂದಿರಿದ್ದಾರೆ. ತಿಬೇರಿಯನ ಪಾಕ್ಸ್‌ಳ ಮುಂದೆ ಯಾರೂ ಅತ್ತಿರಲಾರರು. ಅವಳು ಸರ್ಕಾರದ ಮೊಹರು. ಅವಳ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆಯನ್ನು ನೆರೆಯವರ ಗುಡಿಯತ್ತ ತಿರುಗಿಸುವ ಮೊದಲು ನಮ್ಮ ಮನೆಯತ್ತಲೇ ತಿರುಗಿಸಬೇಕಾಗುತ್ತದೆ.

ಏಕೆಂದರೆ ಕ್ರೈಸ್ತ ಚಕ್ರವರ್ತಿಗಳು ಬಂದ ಮೇಲೂ ಅವಳು ಪೀಠದಿಂದ ಏಳಲಿಲ್ಲ. 384ರಲ್ಲಿ ರೋಮಿನ ಶಾಸನಸಭೆಯ ವಿಕ್ತೋರಿಯಾ ದೇವಿಯ ಬಲಿಪೀಠವನ್ನು ಮತ್ತೆ ಸ್ಥಾಪಿಸಬೇಕೆಂದು ಸಿಮ್ಮಾಕುಸನು ಬೇಡಿದಾಗ ಮಿಲಾನಿನ ಧರ್ಮಾಧ್ಯಕ್ಷ ಸಂತ ಅಂಬ್ರೋಸರು ಎದುರಿಸಿ ಗೆದ್ದರು. ದೊಡ್ಡ ಗೆಲುವೇ. ಆದರೆ ಅದೇ ವರ್ಷಗಳ ನಾಣ್ಯಗಳಲ್ಲಿ ವಿಕ್ತೋರಿಯಾ ರೆಕ್ಕೆ ಬಿಚ್ಚಿ ನಿಂತೇ ಇದ್ದಳು. 391 ಮತ್ತು 392ರಲ್ಲಿ ಬಲಿಗಳನ್ನು ನಿಷೇಧಿಸಿದ ಥೆಯೊದೋಸಿಯುಸನ ಬೆಳ್ಳಿಯ ಸಿಲಿಕ್ವಾ ನಾಣ್ಯದಲ್ಲಿ ರೋಮಾ ದೇವಿ ಸಿಂಹಾಸನದ ಮೇಲೆ ಕುಳಿತಿದ್ದಾಳೆ. ಸುತ್ತಲಿನ ಬರಹ ರೋಮನ್ನರ ಶೌರ್ಯವನ್ನು ಹೊಗಳುತ್ತದೆ. ಬಲಿಪೀಠ ಹೋಯಿತು, ಬೆಳ್ಳಿ ಉಳಿಯಿತು. ತಿಬೇರಿಯನ ದೇವಿಯ ಸುತ್ತ ಇದ್ದ 'ಪೊಂತಿಫೆಕ್ಸ್ ಮಾಕ್ಸಿಮುಸ್' ಎಂಬ ಬಿರುದು ಕಾಲಾಂತರದಲ್ಲಿ ಯಾರ ಹೆಸರಿನ ಮುಂದೆ ಬಂದು ನಿಂತಿತೆಂಬುದನ್ನು ಗುರುವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲ. ಇದರಲ್ಲಿ ಹಗರಣವೇನೂ ಇಲ್ಲ. ಹಳೆಯ ಪದಗಳಿಗೆ ಹೊಸ ಅರ್ಥ ತುಂಬುವುದು ಧರ್ಮಸಭೆಯ ಹಳೆಯ ಅಭ್ಯಾಸ. ಆದರೆ ಪದದ ಜೊತೆಗೆ ಷಷ್ಠಿಯೂ ಸದ್ದಿಲ್ಲದೆ ಒಳಬಂದಿತೇ? ಧರ್ಮಸಭೆಯ ಶಾಂತಿ, ಧರ್ಮಪ್ರಾಂತದ ಒಮ್ಮತ, ಸಂಸ್ಥೆಯ ಘನತೆ ಎಂದು ನಾವು ಬರೆಯುವಾಗ ಯಾರ ಶಾಂತಿಯನ್ನು ಉದ್ದೇಶಿಸುತ್ತೇವೆ? ನೊಂದವರು ದೂರು ಹೊತ್ತು ಬಾಗಿಲಿಗೆ ಬಂದಾಗ ಶಾಂತಿ ಕದಡಬೇಡಿ ಎಂದು ಹೇಳಿಕಳುಹಿಸಿದ ಉದಾಹರಣೆಗಳು ನಮ್ಮ ನಡುವೆ ಇಲ್ಲದಿಲ್ಲ. ಅಂಥ ಶಾಂತಿಯ ಹಿಂದೆ ಮರೆಯಲ್ಲೊಂದು 'ಆವ್ಗ್' ಇರುತ್ತದೆ.

ಆದ್ದರಿಂದ ಆ ಭಾನುವಾರ ಬೋಧಿಸುವವರಿಗೆ ನಮ್ಮದೊಂದು ಸಲಹೆ: ನಾಣ್ಯವನ್ನು ತೋರಿಸಿದರೆ ತಿರುಗಿಸಿಯೂ ತೋರಿಸಿ. ಮುಮ್ಮುಖವನ್ನು ಸೀಸರನಿಗೆ ಮರಳಿಸುವುದು ಸುಲಭ. ಅವನ ಮುಖ, ಅವನ ಹೆಸರು. ಹಿಮ್ಮುಖದಲ್ಲಿ ಕುಳಿತಿರುವವಳು ಶಾಂತಿಯೇ ಆಗಿದ್ದರೆ, ಅವಳನ್ನು ಯಾರಿಗೆ ಮರಳಿಸಬೇಕು?

ಕೊನೆಯದಾಗಿ, ಇದು ದೂರದ ಸಂಗತಿಯೆಂದು ಭಾವಿಸುವವರಿಗೆ ಒಂದು ಮಾತು. ಭಾರತದ ದಕ್ಷಿಣದಲ್ಲಿ ಸಿಕ್ಕಿರುವ ರೋಮನ್ ಬೆಳ್ಳಿಯಲ್ಲಿ ಎರಡು ಅಚ್ಚುಗಳೇ ಪ್ರಧಾನ: ಔಗುಸ್ತನು ತನ್ನ ಮೊಮ್ಮಕ್ಕಳಾದ ಗಾಯುಸ್ ಮತ್ತು ಲೂಸಿಯುಸರ ಚಿತ್ರದೊಡನೆ ಹೊರಡಿಸಿದ್ದು, ಮತ್ತು ತಿಬೇರಿಯನ ಈ ಕುಳಿತ ದೇವಿಯದು. ಮೆಣಸು, ಮುತ್ತು, ಬಟ್ಟೆಗಳಿಗಾಗಿ ಭಾರತಕ್ಕೆ ಪ್ರತಿವರ್ಷ ಐದು ಕೋಟಿ ಸೆಸ್ತೆರ್ಸಿಯುಸ್ ಹರಿದುಹೋಗುತ್ತಿದೆಯೆಂದು ಹಿರಿಯ ಪ್ಲಿನಿ ಗೊಣಗಿದ್ದು ಪ್ರಸಿದ್ಧವಾಗಿದೆ. ಯಶವಂತಪುರದಲ್ಲಿ 1891ರಲ್ಲಿ, ಬೆಂಗಳೂರಿನ ಎಚ್.ಎ.ಎಲ್. ವಿಮಾನ ನಿಲ್ದಾಣದ ಪ್ರದೇಶದಲ್ಲಿ 1965ರಲ್ಲಿ ನೂರಾರು ದೆನಾರಿಯುಸ್‌ಗಳ ನಿಧಿಗಳು ದೊರೆತವು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿಯೂ ಔಗುಸ್ತ, ತಿಬೇರಿಯರ ಬೆಳ್ಳಿ ಸಿಕ್ಕಿತು. ಸೀಸರನಿಗೆ ಕಪ್ಪ ಸಲ್ಲಿಸಬೇಕೇ ಎಂಬ ಪ್ರಶ್ನೆ ಇಲ್ಲಿನವರಿಗೆ ಎಂದೂ ಎದುರಾಗಲಿಲ್ಲ. ಅವರಿಗೆ ಅದು ತೂಕದ ಬೆಳ್ಳಿ ಮಾತ್ರ. ಭಾರತದಲ್ಲಿ ಸಿಕ್ಕ ಹಲವು ರೋಮನ್ ನಾಣ್ಯಗಳ ಮೇಲೆ ಉಳಿಯಿಂದ ಎಳೆದ ಗೀರೊಂದು ಕಾಣುತ್ತದೆ. ಲೋಹವನ್ನು ಪರೀಕ್ಷಿಸಲೋ, ಪರದೇಶದ ದೊರೆಯ ಚಲಾವಣೆಯನ್ನು ರದ್ದುಮಾಡಲೋ ಹಾಗೆ ಮಾಡಿದರೆಂದು ವಿದ್ವಾಂಸರು ಊಹಿಸುತ್ತಾರೆ. ಗೀರು ಸಾಮಾನ್ಯವಾಗಿ ಬಿದ್ದಿರುವುದು ಚಕ್ರವರ್ತಿಯ ತಲೆಯ ಮೇಲೆ.